ಉಪ್ಪು ಹತ್ತುವ ಬಾವಿ, ಅನುದಾನದ ಅರ್ಜಿ

ಪ್ರಶ್ನೆ: ನಾವು ಡಿಪ್ಲೊಮಾ ಮುಗಿಸಿದ ಮೂವರು ಗೆಳೆಯರು. ಅಘನಾಶಿನಿ ದಂಡೆಯ ನಮ್ಮೂರಿನಲ್ಲಿ ಶಿವರಾತ್ರಿ ಕಳೆಯುತ್ತಿದ್ದಂತೆ ಬಾವಿಗಳಿಗೆ ಉಪ್ಪು ಹತ್ತುತ್ತದೆ. ಬಾವಿಗೆ ಇಳಿಬಿಟ್ಟರೆ ಉಪ್ಪಿನಂಶ ಅಳೆದು, ಮಿತಿ ಮೀರಿದ ಕೂಡಲೇ ಪಂಪ್ ನಿಲ್ಲಿಸಿ, ಮೊಬೈಲಿಗೆ ಮೆಸೇಜ್ ಕಳಿಸುವ ಉಪಕರಣ ಮಾಡಿದ್ದೇವೆ. 18 ಲಕ್ಷ ರೂಪಾಯಿ ಅನುದಾನ ಕೇಳಿ ಎರಡು ಕಡೆ ಅರ್ಜಿ ಹಾಕಿದೆವು. ಎರಡೂ ಕಡೆಯಿಂದ ‘ಆಯ್ಕೆಯಾಗಿಲ್ಲ’ ಎಂದಷ್ಟೇ ಉತ್ತರ ಬಂತು. ಅರ್ಜಿಯ ಪ್ರತಿ ಜೊತೆಗಿದೆ. ಎಲ್ಲಿ ಎಡವಿದ್ದೇವೆ?
– ಹೆಸರು ಬೇಡವೆಂದ ಓದುಗರು, ಕುಮಟಾ ತಾಲ್ಲೂಕು

ಉತ್ತರ: ಅರ್ಜಿ ಪೂರ್ತಿ ಓದಿದೆ. ನಿಮ್ಮ ಉಪಕರಣ ನಮ್ಮ ಕರಾವಳಿಗೆ ಬೇಕೇ ಬೇಕು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಮೊದಲ ಪುಟಗಳಲ್ಲಿ ಜಗತ್ತಿನ ನೀರಿನ ಕೊರತೆ ಇದೆ, ದೇಶದ ಅಂತರ್ಜಲ ಇದೆ. ಆಮೇಲೆ ಸೆನ್ಸರ್, ಬ್ಯಾಟರಿ, ಆ್ಯಪ್ ಬರುತ್ತವೆ. ನಿಮ್ಮೂರಿನ ಒಂದು ಬಾವಿಯೂ ಎಲ್ಲೂ ಇಲ್ಲ.

ಇಂಥ ಅರ್ಜಿಗಳ ಪರಿಶೀಲನೆಗೆ ಕೂತಾಗ ನಾನು ಮೊದಲು ಹುಡುಕುವುದು ಬೇಸಿಗೆಯ ಅಳತೆಗಳನ್ನು. ಯಾರ ಮನೆಯ ಬಾವಿ, ಹೊಳೆಯಿಂದ ಎಷ್ಟು ದೂರ, ಎಷ್ಟು ಆಳ, ಡಿಸೆಂಬರಿನಲ್ಲಿ ಉಪ್ಪಿನಂಶ ಎಷ್ಟಿತ್ತು, ಮೇ ತಿಂಗಳ ಅಮಾವಾಸ್ಯೆಯ ಉಬ್ಬರದ ಹೊತ್ತಿಗೆ ಎಷ್ಟಾಯಿತು. ಹತ್ತು ಬಾವಿಗಳ ಇಂಥ ಒಂದು ಪಟ್ಟಿ ಇದ್ದರೆ ಜಗತ್ತಿನ ಕೊರತೆಯ ಪುಟಗಳು ಬೇಡವೇ ಬೇಡ. ಆ ನೀರು ಸೇದುವ ಹೆಂಗಸರನ್ನೂ ಕೇಳಿ ಬರೆಯಿರಿ. ಯಾವ ತಿಂಗಳಿಂದ ಬೇಳೆ ಬೇಯುವುದಿಲ್ಲ, ಯಾವಾಗಿನಿಂದ ಕುಡಿಯುವ ಕೊಡಕ್ಕೆ ದೂರದ ಬಾವಿಗೆ ಹೋಗುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಸಮಿತಿಯಲ್ಲಿ ಕೂತವರಿಗೆ ಅದು ಗೊತ್ತಾಗುವುದು ನಿಮ್ಮ ಅರ್ಜಿಯಿಂದ ಮಾತ್ರ.

‘ಶೇ 99ರಷ್ಟು ನಿಖರ’ ಎಂದು ಬರೆದಿದ್ದೀರಿ. ಯಾವುದಕ್ಕೆ ಹೋಲಿಸಿದರೆ? ನಿಮ್ಮ ಸೆನ್ಸರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಉಪ್ಪಿನಲ್ಲಿರುವ ಕ್ಲೋರೈಡನ್ನು ಅಲ್ಲ. ನೀರು ಒಂದು ಡಿಗ್ರಿ ಬಿಸಿಯಾದರೆ ವಾಹಕತೆ ಸುಮಾರು ಶೇ 2 ಏರುತ್ತದೆ. ಮಧ್ಯಾಹ್ನ ತೊಟ್ಟಿಯ ನೀರಿನಲ್ಲಿ ಅಳೆದದ್ದಕ್ಕೂ ಬಾವಿಯ ತಳದಲ್ಲಿ ಅಳೆದದ್ದಕ್ಕೂ ಅಷ್ಟರಿಂದಲೇ ವ್ಯತ್ಯಾಸ ಬರುತ್ತದೆ. ಕಾರವಾರದಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ನಾನು ಮಕ್ಕಳಿಂದ ಅವರವರ ಮನೆ ಬಾವಿಯ ನೀರನ್ನೇ ತರಿಸುತ್ತಿದ್ದೆ. ನೀರಿಗೆ ಪೊಟ್ಯಾಸಿಯಂ ಕ್ರೋಮೇಟ್ ಹಾಕಿ, ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡಬೇಕು. ಹಳದಿ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗಿ ಹಾಗೇ ನಿಂತ ಹನಿಗೆ ಕ್ಲೋರೈಡಿನ ಲೆಕ್ಕ ಸಿಕ್ಕಿತು. ಹತ್ತಿರದ ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಮಾಡಿಸಿ, ನಿಮ್ಮ ಸೆನ್ಸರಿನ ಅಂಕಿಯ ಪಕ್ಕದಲ್ಲಿ ಇಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1000ದವರೆಗೆ ಸೈರಿಸಬಹುದು. ಪಂಪ್ ಯಾವ ಅಂಕಿಗೆ ನಿಲ್ಲುತ್ತದೆ, ಅದೇ ಅಂಕಿ ಏಕೆ ಎಂದು ನೀವು ಹೇಳಲೇಬೇಕು.

ನಿಮ್ಮ ಅರ್ಜಿಯ ಅತ್ಯಂತ ಗಟ್ಟಿ ಅಂಶವನ್ನು ನೀವು ಬರೆದೇ ಇಲ್ಲ. ಕರಾವಳಿಯಲ್ಲಿ ಸಿಹಿನೀರು ಉಪ್ಪು ನೀರಿನ ಮೇಲೆ ತೇಲುತ್ತಿರುತ್ತದೆ. ಅಂತರ್ಜಲದ ಮಟ್ಟ ಒಂದು ಅಡಿ ಇಳಿದರೆ, ಕೆಳಗಿನ ಉಪ್ಪು ನೀರು ಕಾಲಕ್ರಮದಲ್ಲಿ ಸುಮಾರು ನಲವತ್ತು ಅಡಿ ಮೇಲೇರಬಹುದು ಎಂಬುದು ಭೂಜಲಶಾಸ್ತ್ರದ ಹಳೆಯ ಲೆಕ್ಕ. ಪಂಪ್ ಬಿಡದೆ ಓಡಿಸಿದರೆ ಬಾವಿಯ ಬುಡದಲ್ಲೇ ಉಪ್ಪು ಮೇಲೆ ಬರುತ್ತದೆ. ಸಕಾಲಕ್ಕೆ ನಿಲ್ಲಿಸಿ, ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪ ಎತ್ತಿದರೆ ಬಾವಿಗೆ ಇನ್ನಷ್ಟು ದಿನ ಸಿಹಿ ಉಳಿದೀತು. ಎಷ್ಟು ದಿನ ಎಂಬುದನ್ನು ಅಳೆದು ತೋರಿಸುವುದೇ ನಿಮ್ಮ ಯೋಜನೆಯಾಗಬೇಕು. ಮೆಸೇಜ್ ಕಳಿಸುವ ಯಂತ್ರಗಳು ಬೇಕಾದಷ್ಟಿವೆ, ‘ಇಂಥದ್ದು ಎಲ್ಲೂ ಇಲ್ಲ’ ಎಂಬ ಸಾಲನ್ನು ತೆಗೆದುಬಿಡಿ.

ಇನ್ನು ಕಾಲಪಟ್ಟಿ. ಬಾವಿಗಳಲ್ಲಿ ಪ್ರಯೋಗದ ಅವಧಿ ಜುಲೈಯಿಂದ ಡಿಸೆಂಬರ್ ಎಂದಿದೆ! ಆಗ ನಮ್ಮ ಬಾವಿಗಳು ಕೈಗೆ ನಿಲುಕುವಷ್ಟು ತುಂಬಿರುತ್ತವೆ, ನೀರು ಸಿಹಿಯಾಗಿರುತ್ತದೆ. ಉಪ್ಪನ್ನೇ ನೋಡದೆ ಪ್ರಯೋಗ ಮುಗಿದುಹೋಗುತ್ತದೆ. ಕರಾವಳಿ ಬಲ್ಲ ಒಬ್ಬರು ಸಮಿತಿಯಲ್ಲಿದ್ದರೂ ಅರ್ಜಿ ಅಲ್ಲಿಗೇ ನಿಂತಿರುತ್ತದೆ. ಮಂಜೂರಾದ ದಿನವೇ ದುಡ್ಡು ಕೈಗೆ ಬರುವುದಿಲ್ಲ, ಬಂದರೂ ಕಂತಿನಲ್ಲಿ. ಒಂದು ಕಂತು ಏಪ್ರಿಲ್ ದಾಟಿದರೆ ಇಡೀ ವರ್ಷ ಹೋದಂತೆ. ಹಾಗಾಗಿ 18 ತಿಂಗಳು ಕೇಳಿ, ಮಾರ್ಚ್‌ನಿಂದ ಮೇವರೆಗಿನ ಒಂದು ಪೂರ್ತಿ ಬೇಸಿಗೆಯಾದರೂ ಅದರೊಳಗೆ ಬರುವಂತೆ ಹೊಂದಿಸಿ.

ಬಜೆಟ್ಟಿನಲ್ಲಿ ಲ್ಯಾಪ್‌ಟಾಪ್, ಕಚೇರಿ ಬಾಡಿಗೆ, ‘ಇತರೆ’ ಸೇರಿ ಅರ್ಧದಷ್ಟು ಹೋಗಿದೆ. ಬಾವಿಯೊಳಗೆ ಮುಳುಗಿರುವ ಸೆನ್ಸರಿನ ಎಲೆಕ್ಟ್ರೋಡಿಗೆ ವಾರ ಕಳೆಯುವುದರೊಳಗೆ ಲೋಳೆ ಹಿಡಿಯುತ್ತದೆ, ಅಂಕಿ ತಪ್ಪುತ್ತದೆ. ಅದನ್ನು ಒರೆಸುವವರು ಯಾರು, ಅವರಿಗೆ ಕೂಲಿ ಎಷ್ಟು? ಒಂದು ಸಾಲೂ ಇಲ್ಲ. ಮನೆಯವರೋ ಪಂಚಾಯ್ತಿಯ ವಾಟರ್‌ಮನ್ನೋ ಒಪ್ಪಿದ್ದರೆ ಅವರ ಸಹಿ ಹಾಕಿಸಿದ ಪತ್ರವನ್ನೇ ಲಗತ್ತಿಸಿ. ‘ಇತರೆ’ಯನ್ನು ಬಿಡಿಸಿ ಬರೆಯಿರಿ. ನಾಳೆ ಹಣಬಳಕೆ ಪ್ರಮಾಣಪತ್ರ ಕೊಡುವಾಗ ಬಜೆಟ್ಟಿನ ಈ ಸಾಲುಗಳಿಗೇ ಬಿಲ್ಲು ತಾಳೆಯಾಗಬೇಕು.

ಯಾವ ಬಾಗಿಲಿಗೆ ಹೋಗಬೇಕೆಂಬುದೂ ಮುಖ್ಯ. ಕೇಂದ್ರದ ನಿಧಿ–ಪ್ರಯಾಸ್ ಯೋಜನೆಯಲ್ಲಿ ಮಾದರಿ ತಯಾರಿಸಲು ಸಿಗುವುದು ಗರಿಷ್ಠ 10 ಲಕ್ಷ; ಅಲ್ಲಿ 18 ಕೇಳುವಂತಿಲ್ಲ. ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಕೊಡುತ್ತಾರೆ, ಆದರೆ ಅದು ಸ್ಟಾರ್ಟ್‌ಅಪ್‌ಗಳಿಗೆ. ನೀವಿನ್ನೂ ಕಂಪನಿ ನೋಂದಾಯಿಸಿಲ್ಲ. ಮಾರ್ಗಸೂಚಿ ಬದಲಾಗುತ್ತಿರುತ್ತದೆ, ಈ ವರ್ಷದ್ದನ್ನೇ ಓದಿ. ನನ್ನನ್ನು ಕೇಳಿದರೆ ಮೊದಲು ಮಾದರಿಗಷ್ಟೇ ಚಿಕ್ಕ ಮೊತ್ತ ಕೇಳಿ. ಅದಕ್ಕೂ ಮೊದಲು ಬರುವ ಬೇಸಿಗೆಯಲ್ಲಿ ವಾಹಕತೆ ಅಳೆಯುವ ಕೈಮೀಟರ್ ಹಿಡಿದು ಬಾವಿ ಬಾವಿ ಸುತ್ತಿ.

ಪ್ರಶ್ನೆ: ಊರ ಕೆರೆಯ ಹೂಳೆತ್ತಲು ಇಂಥ ನಾವೀನ್ಯತೆ ನಿಧಿ ಸಿಗುತ್ತದೆಯೇ? ನಮ್ಮದು ನೋಂದಣಿಯಾಗದ ಸಮಿತಿ.
– ಓದುಗರು, ಶಿರಸಿ

ಉತ್ತರ: ಸಿಗುವುದಿಲ್ಲ. ಹೂಳೆತ್ತುವುದು ಅಗತ್ಯದ ಕೆಲಸ, ಆದರೆ ಹೊಸ ತಂತ್ರಜ್ಞಾನವಲ್ಲ. ಅದನ್ನು ನಾವೀನ್ಯತೆ ಎಂದು ಬಣ್ಣ ಕಟ್ಟಿ ಬರೆಯಬೇಡಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬಹುದು. ಅದನ್ನು ಪಡೆದು ಕೆಲಸ ಮಾಡಿಸುವ ಸಂಸ್ಥೆಗೆ 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್–1 ನೋಂದಣಿ ಕಡ್ಡಾಯ. ನಿಮ್ಮ ಸಮಿತಿಗೆ ಅದಿಲ್ಲ, ಇರುವ ಟ್ರಸ್ಟ್ ಒಂದರ ಜೊತೆ ಸೇರಿ ಹೋಗಿ. ನಿಮ್ಮ ಊರಿನಲ್ಲೇ ಜೀವಜಲ ಕಾರ್ಯಪಡೆ ಕೆರೆಗಳ ಹೂಳೆತ್ತಿದೆ, ಅವರನ್ನು ಕಂಡು ಮಾತಾಡಿ. ಹೋಗುವಾಗ ಕೆರೆಯ ಸರ್ವೆ ನಂಬರ್, ನಕ್ಷೆ, ಪಂಚಾಯ್ತಿಯ ಠರಾವು, ಎತ್ತಿದ ಹೂಳನ್ನು ಯಾರ ತೋಟಕ್ಕೆ ಹಾಕುತ್ತೀರಿ ಎಂಬ ಒಪ್ಪಿಗೆ ಕೈಯಲ್ಲಿರಲಿ.