ಮರಿಗಳು ಬಲ್ಬಿನ ಕೆಳಗೇ ಒತ್ತಿಕೊಂಡಿದ್ದರೆ

ನಾಲ್ಕು ದಿನದ ಗಿರಿರಾಜ ಕೋಳಿ ಮರಿಗಳು ರಾತ್ರಿಯಿಡೀ 60 ವಾಟ್ ಬಲ್ಬಿನ ಕೆಳಗೇ ಗುಂಪುಗಟ್ಟಿ ಕೂಗುತ್ತವೆ, ಹಸಿವೇ ಅಂತ ಕೇಳಿದ್ದೀರಿ. ಹಸಿವಲ್ಲ, ಚಳಿ. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 33–35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಇವತ್ತೇ ಬಲ್ಬನ್ನು ಸ್ವಲ್ಪ ಕೆಳಗಿಳಿಸಿ, ಇಲ್ಲವೇ ಇನ್ನೊಂದು ಸೇರಿಸಿ. ಎಲ್‌ಇಡಿ ಮಾತ್ರ ಬೇಡ, ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ಥರ್ಮಾಮೀಟರಿಗಿಂತ ನಾನು ಮರಿಗಳನ್ನೇ ಹೆಚ್ಚು ನಂಬುತ್ತೇನೆ: ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ ಜಾಸ್ತಿ, ಎಲ್ಲ ಕಡೆ ಹರಡಿ ಮಲಗಿದರೆ ಸರಿಯಾಗಿದೆ.

ಬರೀ ಪೇಪರ್ ಹಾಸಬೇಡಿ, ಜಾರಿ ಕಾಲು ಸೊಟ್ಟಗಾಗುತ್ತದೆ. ಭತ್ತದ ಹೊಟ್ಟು ಹಾಸಿ. ಏಳನೇ ದಿನದೊಳಗೆ ಕೊಕ್ಕರೆ ರೋಗ (ರಾಣಿಖೇತ್) ತಡೆಯುವ ಲಸೋಟ ಲಸಿಕೆಯ ಹನಿ ಹಾಕಿಸಬೇಕು, ಪಶು ಆಸ್ಪತ್ರೆಯಲ್ಲಿ ನಾಳೆಯೇ ವಿಚಾರಿಸಿ.