ಔಟ್‌ಬೋರ್ಡ್ ಕವರ್ ಮೇಲೆ ಗಂಡಭೇರುಂಡ ಬರೆಯಲು ಹಳೇ ಪೇಂಟ್ ಕೀಳಬೇಕೇ?

ಹಳೇ ಪೇಂಟ್ ಕೀಳುವುದೂ ಬೇಡ, ವಾರ್ನಿಶೂ ಬೇಡ. ದೋಣಿಯ ಹಿಂದೆ ಕೂರಿಸುವ 25 ಎಚ್‌ಪಿ ಔಟ್‌ಬೋರ್ಡ್ ಮೋಟಾರ್ ಕವರಿನ ಹಳೇ ಪೇಂಟ್ ಕಿತ್ತು, ಆಕ್ರಿಲಿಕ್‌ನಲ್ಲಿ ಗಂಡಭೇರುಂಡ ಬರೆದು, ಮೇಲೆ ವಾರ್ನಿಶ್ ಹೊಡೆದರೆ ಸಾಕೇ ಅಂತ ಕೇಳಿದ್ದೀರಿ. ಮೈಸೂರಲ್ಲಿ ಬೈಕ್ ಟ್ಯಾಂಕುಗಳಿಗೆ ಡಿಸೈನ್ ಬರೆಯುವ ನನಗೆ ಮೊದಲ ಔಟ್‌ಬೋರ್ಡ್ ಕವರ್ ಬಂದಾಗ ತಲೆಗೆ ಬಂದ ಪ್ರಶ್ನೆಯೂ ಇದೇ. ಕಂಪನಿ ಪೇಂಟ್ ಗಟ್ಟಿಯಾಗಿ ಕೂತಿದ್ದರೆ ಅದಕ್ಕಿಂತ ಒಳ್ಳೆಯ ಪ್ರೈಮರ್ (ಬಣ್ಣ ಹಿಡಿದುಕೊಳ್ಳಲು ಅಡಿಗೆ ಹೊಡೆಯುವ ಕೋಟ್) ನಿಮಗೆ ಸಿಗುವುದಿಲ್ಲ. ಈಗಿನ ಕವರ್‌ಗಳು ಹೆಚ್ಚಾಗಿ ಪ್ಲಾಸ್ಟಿಕ್ ಇಲ್ಲವೇ ಫೈಬರ್ ಬೆರೆಸಿ ಅಚ್ಚು ಹಾಕಿದವು. ಅವಕ್ಕೆ ಪೇಂಟ್ ರಿಮೂವರ್ ಸವರಿದರೆ ಬಣ್ಣದ ಜೊತೆ ಕವರೇ ಮೆತ್ತಗಾಗಬಹುದು. ಅನುಮಾನವಿದ್ದರೆ ಮೂಲೆಯಲ್ಲಿ ಬ್ಲೇಡಿನಿಂದ ಅಡ್ಡ-ಉದ್ದ ಗೀರಿ, ಟೇಪ್ ಒತ್ತಿ ಅಂಟಿಸಿ ಜಗ್ಗಿ ನೋಡಿ. ಚಕ್ಕೆ ಏಳದಿದ್ದರೆ ಹಳೇ ಪೇಂಟ್ ಹಾಗೇ ಇರಲಿ.

ಕವರನ್ನು ಮೋಟಾರಿನಿಂದ ಬಿಚ್ಚಿ ತನ್ನಿ, ಮೋಟಾರ್ ಮೇಲಿಟ್ಟುಕೊಂಡೇ ಹೊಡೆಯುವ ಯೋಚನೆ ಬೇಡ. ಒಳಗಡೆ ಸದ್ದು ತಡೆಯುವ ಫೋಮ್ ಇದ್ದರೆ ಪ್ಲಾಸ್ಟಿಕ್ ಹಾಳೆ ಹಾಕಿ ಪೂರ್ತಿ ಮುಚ್ಚಿ, ಅದು ಥಿನ್ನರ್ ಹೀರಿಕೊಂಡರೆ ಅಂಟು ಬಿಟ್ಟು ಜೋತುಬೀಳುತ್ತದೆ. ಅಂಚಿನ ರಬ್ಬರ್ ಸೀಲ್ ಬಿಚ್ಚಿಡಿ. ಎಚ್ಚರಿಕೆಯ ಲೇಬಲ್‌ಗಳಿಗೆ ಟೇಪ್ ಹಾಕಿ. ಕಂಪನಿ ಸ್ಟಿಕ್ಕರ್ ತೆಗೆಯುವುದಾದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನಕ್ಕೆ ಎಳೆಯಿರಿ. ಅದರ ಮೇಲೆಯೇ ಬಣ್ಣ ಹೊಡೆದರೆ ಅಂಚು ಎದ್ದು ಕಾಣುತ್ತದೆ.

ಈಗ ದುಡ್ಡು ಮುಳುಗಿಸುವ ತಪ್ಪಿಗೆ ಬರೋಣ. ಇದನ್ನು ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಇದು ಗೊತ್ತಾಗುವುದು ಡಿಸೈನ್ ಪೂರ್ತಿ ಮುಗಿದ ಮೇಲೆ. ದೋಣಿಯವರು ಮೋಟಾರಿಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತಾರೆ, ಕವರ್ ಮಿನುಗಲಿ ಅಂತ ಡ್ಯಾಶ್‌ಬೋರ್ಡ್ ಪಾಲಿಶ್ ಉಜ್ಜುತ್ತಾರೆ. ಆ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ. ತೊಳೆಯದೆ ನೇರ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್, ಹಿಡಿದರೆ ಪೇಪರಿನ ಒಂದೊಂದು ಗೀರಿನೊಳಕ್ಕೂ ಆ ಜಿಡ್ಡನ್ನು ತುಂಬಿದ ಹಾಗಾಗುತ್ತದೆ. ಆಮೇಲೆ ಎಷ್ಟು ಒರೆಸಿದರೂ ಅದು ಸುಲಭಕ್ಕೆ ಬರುವುದಿಲ್ಲ. ಡಿಸೈನ್ ಕೆಳಗಿನ ಬೇಸ್ ಬಣ್ಣ ತೆಳುವಾಗಿ ಹೊಡೆಯುವುದರಿಂದ, ಬೇಗ ಒಣಗುವುದರಿಂದ, ಎಷ್ಟೋ ಸಲ ಏನೂ ತೋರಿಸುವುದೇ ಇಲ್ಲ. ಗಂಡಭೇರುಂಡವೂ ಚೆನ್ನಾಗಿಯೇ ಬರುತ್ತದೆ. ಕೊನೆಯಲ್ಲಿ ಕ್ಲಿಯರ್, ಅಂದರೆ ಎಲ್ಲದರ ಮೇಲಿನ ಬಣ್ಣವಿಲ್ಲದ ಹೊಳಪಿನ ಹೊದಿಕೆ, ಬೀಳುತ್ತಿದ್ದಂತೆ, ಜಿಡ್ಡಿರುವ ಕಡೆಯಿಂದ ಅದು ಹಿಂದೆ ಸರಿದು, ಉದ್ದಿನ ಕಾಳಿನಷ್ಟು ಅಗಲದ ಗುಂಡನೆ ಗುಳಿಗಳು ಏಳುತ್ತವೆ. ಪೇಂಟರ್‌ಗಳು ಫಿಶ್ ಐ ಅನ್ನುವುದು ಇದಕ್ಕೇ. ಮೇಲೆ ಮತ್ತೊಂದು ಕೋಟ್ ಸುರಿದರೆ ಗುಳಿ ಮುಚ್ಚದು, ಅಂಚು ಇನ್ನೂ ದಪ್ಪಗಾಗುತ್ತದೆ. ಒಣಗಿಸಿ, ಉಜ್ಜಿ, ಡಿಸೈನ್ ಸಮೇತ ಮತ್ತೆ ಮೊದಲಿಂದ ಮಾಡಬೇಕು.

ಆದ್ದರಿಂದ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಆಮೇಲೆ ಪೇಂಟ್ ಅಂಗಡಿಯಲ್ಲಿ ಸಿಗುವ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್ (ಮೇಣ, ಜಿಡ್ಡು ತೆಗೆಯುವ ದ್ರವ). ಒಂದು ಬಟ್ಟೆಯಿಂದ ಒದ್ದೆಯಾಗಿ ಸವರಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಕೂರುತ್ತದೆ. ಬಟ್ಟೆ ಆಗಾಗ ಬದಲಿಸಿ. ನೀರು ಸುರಿದು ನೋಡಿ. ಹಾಳೆಯಂತೆ ಹರಡಿ ಇಳಿದರೆ ಸರಿ, ಹನಿಹನಿಯಾಗಿ ಒಡೆದರೆ ಇನ್ನೊಮ್ಮೆ. ಅದಾದ ಮೇಲಷ್ಟೇ 600 ನಂಬರ್ ವಾಟರ್ ಪೇಪರ್, ಮೂಲೆಗಳಿಗೆ ಬೂದು ಬಣ್ಣದ ಸ್ಕಾಚ್ ಬ್ರೈಟ್. ಹೊಳಪು ಎಲ್ಲೂ ಉಳಿಯಬಾರದು. ಉಜ್ಜಿದ ಮೇಲೆ ಮತ್ತೊಮ್ಮೆ ಅದೇ ಗ್ರೀಸ್ ರಿಮೂವರ್. ಬಣ್ಣ ಹೊಡೆಯುವ ಕಂಪ್ರೆಸರ್‌ಗೆ ನೀರು-ಎಣ್ಣೆ ತಡೆಯುವ ಫಿಲ್ಟರ್ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದೂ ದಂಡ, ಗಾಳಿಯಲ್ಲೇ ಎಣ್ಣೆ ಬರುತ್ತದೆ.

ಉಜ್ಜುವಾಗ ಬರೀ ಪ್ಲಾಸ್ಟಿಕ್ ಕಂಡರೆ ಅಲ್ಲಿಗೆ ಪ್ಲಾಸ್ಟಿಕ್ ಪ್ರೈಮರ್, ಅಲ್ಯೂಮಿನಿಯಂ ಕಂಡರೆ ಎಪಾಕ್ಸಿ ಪ್ರೈಮರ್. ಬೇಸ್‌ಗೆ ಕಾರಿನ ಬೇಸ್ ಕೋಟ್ ಬಣ್ಣವನ್ನೇ ಬಳಸಿ, ತೆಳ್ಳಗೆ 2-3 ಸಲ, ನಡುವೆ 10-15 ನಿಮಿಷ ಬಿಟ್ಟು.

ಹಕ್ಕಿಯನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದನ್ನು ಬಣ್ಣಕ್ಕಿಂತ ಮೊದಲೇ ತೀರ್ಮಾನಿಸಿ. ಗಂಡಭೇರುಂಡಕ್ಕೆ ಎಡ-ಬಲ ಸಮ, ಹಾಗಾಗಿ ಎಲ್ಲರೂ ಕವರಿನ ಹಿಂಭಾಗವನ್ನೇ ತೋರಿಸುತ್ತಾರೆ. ಎಷ್ಟೋ ಮಾಡೆಲ್‌ಗಳಲ್ಲಿ ಗಾಳಿ ಎಳೆಯುವ ಕಿಂಡಿ, ಎತ್ತುವ ಹಿಡಿ ಇರುವುದು ಅಲ್ಲೇ. ಕತ್ತುಗಳು ಸರಿಯಾಗಿ ಕಿಂಡಿಯ ಮೇಲೆ ಬಂದು ತುಂಡಾಗುತ್ತವೆ. ಎರಡು ಬದಿಗಳಿಗೂ ಒಂದೊಂದು ಪೂರ್ತಿ ಹಕ್ಕಿ ಬರೆಯುವುದೇ ನನ್ನ ಪ್ರಕಾರ ಚೆಂದ. ಕಾಗದದಲ್ಲಿ ಅದೇ ಅಳತೆಗೆ ಕತ್ತರಿಸಿ, ಅಂಟಿಸಿ, ಕವರನ್ನು ಮೋಟಾರಿಗೆ ಕೂರಿಸಿ ದೂರದಿಂದ ನೋಡಿ. ಗರಿಯ ಸಣ್ಣ ಗೆರೆಗಳು 20 ಅಡಿಯಿಂದ ಕಾಣುವುದಿಲ್ಲ. ರೆಕ್ಕೆಯ ಹೊರಗೆರೆ, ಕೊಕ್ಕು, ಉಗುರು ದಪ್ಪಗಿರಲಿ.

ಸ್ಟೆನ್ಸಿಲ್ಲನ್ನು ಯಾವುದೇ ರೇಡಿಯಂ ಸ್ಟಿಕ್ಕರ್ ಅಂಗಡಿಯಲ್ಲಿ ಕತ್ತರಿಸಿಕೊಡುತ್ತಾರೆ, ಅಂಟು ಕಡಿಮೆ ಇರುವ ವಿನೈಲ್ ಕೇಳಿ. ಉಬ್ಬಿನ ಮೇಲೆ ಅದನ್ನು ಎಳೆದು ಕೂರಿಸಬೇಡಿ. ಎಳೆದದ್ದು ಒಂದು ಗಂಟೆಯಲ್ಲಿ ಮತ್ತೆ ಕುಗ್ಗಿ ಅಂಚು ಎದ್ದು, ಬಣ್ಣ ಒಳಗೆ ನುಗ್ಗುತ್ತದೆ. ಡಿಸೈನ್ ಇಲ್ಲದ ಕಡೆ ಸೀಳು ಕೊಟ್ಟು ಒಂದರ ಮೇಲೊಂದು ಬರುವಂತೆ ಅಂಟಿಸಿ, ಸೀಳಿನ ಮೇಲೆ ಟೇಪ್ ಹಾಕಿ. ಅಂಚಿಗೆ ಮೊದಲು ಬೇಸ್ ಬಣ್ಣವನ್ನೇ ಮಂಜಿನಷ್ಟು ತೆಳುವಾಗಿ ಹೊಡೆದರೆ ಸಂದುಗಳು ಮುಚ್ಚಿಕೊಳ್ಳುತ್ತವೆ. ಏರ್‌ಬ್ರಶ್‌ಗೆ 0.3 ಮಿ.ಮೀ. ನಾಝಲ್, 20-30 ಪಿಎಸ್‌ಐ ಗಾಳಿ ಒತ್ತಡ ಸಾಕು. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ವಿನೈಲನ್ನು ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆಯಿರಿ.

ಮೈಸೂರು ಶೈಲಿಯ ಚಿತ್ರದ ಹಾಗೆ ಉಬ್ಬಿಸಿ ಚಿನ್ನದ ರೇಕು ಹಚ್ಚಿಸಬೇಕು ಎಂದೂ ಬರೆದಿದ್ದೀರಿ. ಆ ಕಲೆ ನನಗೂ ಪ್ರಾಣ, ಆದರೆ ಇಲ್ಲಿಗೆ ತರಬೇಡಿ. ಉಬ್ಬಿಸಲು ಹಚ್ಚುವ ಗೆಸ್ಸೋದಲ್ಲಿರುವುದು ಬಿಳಿ ಪುಡಿ ಮತ್ತು ನೀರಿನಲ್ಲಿ ಕರಗುವ ಗೋಂದು. ಕವರ್ ಬಿಸಿಲಲ್ಲಿ ಕಾದು, ನೀರು ಬಿದ್ದು ತಣ್ಣಗಾಗಿ, ಮತ್ತೆ ಕಾಯುತ್ತದೆ. ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಒಳಗೆ ನೀರು ಹೋಗಿ ಅದು ಎದ್ದು ಬರುತ್ತದೆ. ಕಡಿಮೆ ಬೆಲೆಯ ರೇಕು ಹಿತ್ತಾಳೆಯದು, ಗಾಳಿ ತಾಕಿದಲ್ಲಿ ಕಪ್ಪಾಗುತ್ತದೆ. ಗೋಲ್ಡ್ ಮೆಟಾಲಿಕ್ ಬೇಸ್ ಕೋಟ್ ಹೊಡೆದು, ಒಂದು ಬದಿಗೆ ಕಂದು ನೆರಳು ಕೊಟ್ಟರೆ ಉಬ್ಬಿದಂತೆಯೇ ಕಾಣುತ್ತದೆ.

ಮೇಲಿನ ಹೊದಿಕೆ ಹಾರ್ಡನರ್ (ಗಟ್ಟಿ ಮಾಡುವ ದ್ರವ) ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್, ಕ್ಲಿಯರ್ ಆಗಿರಲೇಬೇಕು. ಮರದ ವಾರ್ನಿಶ್ ಹಳದಿಯಾಗುತ್ತದೆ. ಸಾಮಾನ್ಯ ಸ್ಪ್ರೇ ಡಬ್ಬಿಯ ಕ್ಲಿಯರ್ ಪೆಟ್ರೋಲ್ ತಾಗಿದರೆ ಅಂಟಂಟಾಗಿ ಡಿಸೈನ್ ಸಮೇತ ಬರುತ್ತದೆ, ಮೋಟಾರ್ ಹತ್ತಿರ ಪೆಟ್ರೋಲ್ ತಾಗದೆ ಇರುವುದಿಲ್ಲ. 2:1 ಮಾದರಿಯದಾದರೆ 200 ಮಿ.ಲೀ. ಕ್ಲಿಯರ್‌ಗೆ 100 ಮಿ.ಲೀ. ಹಾರ್ಡನರ್, ಥಿನ್ನರ್ ಡಬ್ಬಿಯಲ್ಲಿ ಹೇಳಿದಷ್ಟು. ನಿಮ್ಮ ಕವರಿಗೆ 2 ಕೋಟ್ ಆಗುತ್ತದೆ. ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೊಡೆತ. ಬಟ್ಟೆ ಮಾಸ್ಕ್, ಎನ್-95 ಯಾವುದೂ ತಡೆಯದು. ಪೇಂಟಿನ ಆವಿ, ತುಂತುರು ಎರಡನ್ನೂ ತಡೆಯುವ ಕಾರ್ಟ್ರಿಜ್ ಮಾಸ್ಕ್, ಕನ್ನಡಕ, ಗ್ಲೌಸ್ ಇಲ್ಲದವರು ಈ ಒಂದು ಹಂತವನ್ನು ಬೂತ್ ಇರುವ ಕಾರ್ ಪೇಂಟರ್‌ಗೆ ಕೊಡಿ.

ಜುಲೈ-ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಈ ಕೆಲಸ ಹಿಡಿಯಬೇಡಿ, ತೇವಕ್ಕೆ ಹೊಳಪು ಮಂಕಾಗುತ್ತದೆ. ಕ್ಲಿಯರ್ ಮರುದಿನವೇ ಮುಟ್ಟುವಂತಾದರೂ ಒಂದು ವಾರ ಪೆಟ್ರೋಲ್, ಪಾಲಿಶ್, ಟಾರ್ಪಾಲು ಏನೂ ತಾಗಿಸಬೇಡಿ.

ಆಮೇಲೆ ರಬ್ಬರ್ ಸೀಲ್ ಹಾಕಿ, ಅಂಚಿಗೆ ಕಾಗದದ ಪಟ್ಟಿ ಸಿಕ್ಕಿಸಿ, ಕವರ್ ಕೂರಿಸಿ ಲಾಚ್ ಹಾಕಿ ಆ ಪಟ್ಟಿಯನ್ನು ಎಳೆದು ನೋಡಿ. ಸುತ್ತಲೂ ಒಂದೇ ಬಿಗಿಯಿರಬೇಕು. ಸಡಿಲ ಇದ್ದ ಕಡೆಯಿಂದ ನೀರು ಎಂಜಿನ್‌ಗೆ ಇಳಿಯುತ್ತದೆ. ಲಾಚ್ ಕೂರಲು ಹೆಣಗಿದರೆ ಅಂಚಿನಲ್ಲಿ ಬಣ್ಣ ದಪ್ಪಗಾಗಿದೆ ಎಂದರ್ಥ. ಒತ್ತಿ ಹಾಕದೆ, ಅಷ್ಟು ಜಾಗವನ್ನು 800 ನಂಬರ್ ಪೇಪರ್‌ನಲ್ಲಿ ಇಳಿಸಿ.