ಫಾದರ್‌ಗಳ ಸಾಲ್ಯಾಗ ಕಲ್ತವ್ರು ಬಂಡಾಯಗಾರರು ಆಗ್ತಾರೋ, ಹೇಳಿದ್ದ ಕೇಳೋರು ಆಗ್ತಾರೋ?

ಮಗನ್ನ ಎಂಟನೇತ್ತಾಗ ಕ್ಯಾಥೊಲಿಕ್ ಹೈಸ್ಕೂಲಿಗೆ ಹಾಕ್ಬೇಕಂತ ಮಾಡೀರಿ, ಆದ್ರ ಅಲ್ಲಿಯ ಶಿಸ್ತಿನ್ಯಾಗ ಬೆಳೆದಾವ ದೊಡ್ಡಾಂವ ಆದ ಮ್ಯಾಲೆ ಇದ್ದ ವ್ಯವಸ್ಥೆಗೆ ತಲಿ ಅಲ್ಲಾಡಸ್ಕೋತ ಕೂಡ್ತಾನೇನು, ಇಲ್ಲಾ ಆಪ್ (ಆಮ್ ಆದ್ಮಿ ಪಾರ್ಟಿ) ಅಂಥ ಪಾರ್ಟಿ ಹಿಂದ ಹೋಗ್ತಾನೇನು ಅಂತ ಕೇಳೀರಿ. ಎರಡೂ ಆಗ್ಬೋದ್ರಿ. ಒಮ್ಮೊಮ್ಮೆ ಒಬ್ಬಾಂವನ ಎರಡೂ ಆಗ್ತಾನ.

ನಮ್ಮ ಜಾರ್ಜ್ ಫರ್ನಾಂಡಿಸ್ ಅವ್ರನ್ನ ನೋಡ್ರಿ. ಮಂಗಳೂರಿನ ಕ್ಯಾಥೊಲಿಕ್ ಮನಿ, 1946ರಾಗ ಪಾದ್ರಿ ಆಗ್ಲಿ ಅಂತ ಬೆಂಗಳೂರಿನ ಸೆಮಿನರಿಗೆ ಕಳಿಸಿದ್ರು, ಹದಿನಾರು ವರ್ಷದ ಹುಡುಗ. ಅಲ್ಲಿ ದೊಡ್ಡ ಫಾದರ್‌ಗಳಿಗೆ ಎತ್ತರದ ಟೇಬಲ್, ಚಲೋ ಊಟ, ಹುಡುಗರಿಗೆ ಬ್ಯಾರೆ. ಹೇಳೋದು ಒಂದು ಮಾಡೋದು ಒಂದು ಅಂತ ಬ್ಯಾಸರಾಗಿ ಬಿಟ್ಟು ಬಂದೆ ಅಂತ ಜಾರ್ಜ್ ಅವ್ರ ಆಮ್ಯಾಲೆ ಹೇಳ್ಕೊಂಡಾರ. ನನಗ ಇದ್ರಾಗ ಮಜಾ ಅನ್ಸೋದು ಏನಂದ್ರ, ಎಲ್ಲಾರೂ ಸಮ ಅನ್ನೋ ಪಾಠ ಕಲಿಸಿದ್ದೂ ಅವ್ರ, ಆ ಪಾಠ ಹಿಡ್ಕೊಂಡ ಹುಡುಗ ಅವ್ರನ್ನ ಅಳದ್ದು. ಮುಂದ 1967ರಾಗ ಬಾಂಬೆದಾಗ ಎಸ್.ಕೆ. ಪಾಟೀಲರಂಥ ಕಾಂಗ್ರೆಸ್ಸಿನ ದೊಡ್ಡ ಕುಳಾನ ಸೋಲ್ಸಿದ್ರು, 1974ರಾಗ ಇಡೀ ದೇಶದ ರೈಲ್ವೆ ಮುಷ್ಕರ ನಡಸಿದ್ರು, 1977ರಾಗ ಜೈಲಿನ್ಯಾಗಿಂದನ ಎಂ.ಪಿ. ಆದ್ರು. ಕಡೀಕ 1998ರಾಗ ವಾಜಪೇಯಿ ಸರ್ಕಾರದಾಗ ರಕ್ಷಣಾ ಮಂತ್ರಿ! ಇವ್ರನ್ನ ಯಾವ ಡಬ್ಬ್ಯಾಗ ಹಾಕ್ತೀರಿ ಹೇಳ್ರಿ.

ನಾ ಲಿಂಗಾಯತರ ಮನ್ಯಾಂವ, ಬೆಳಗಾವಿ ಫಾದರ್‌ಗಳ ಒಂದು ಸಾಲ್ಯಾಗ ಎಂಟರಿಂದ ಹತ್ತನೇತ್ತಾ ತನಾ ಕಲ್ತೀನಿ. ಕ್ಯಾಥೊಲಿಕ್ ಹುಡುಗರಿಗೆ ಕ್ಯಾಟೆಕಿಸಂ, ಅಂದ್ರ ಅವ್ರ ಧರ್ಮದ ಪಾಠ, ಉಳಿದವ್ರಿಗೆ ಮಾರಲ್ ಸೈನ್ಸ್, ಧರ್ಮ ಬದ್ಲಿ ಮಾಡ್ಕೋ ಅಂತ ನಮಗಂತೂ ಯಾರೂ ಅಂದಿಲ್ಲ. ಆದ್ರ ಕನ್ನಡ, ಮರಾಠಿ ಮಾತಾಡಿದ್ರ ದಂಡ ಇತ್ತು, ಮಾನಿಟರ್ ಕೈಯಾಗ ಒಂದು ನೋಟ್‌ಬುಕ್, ಹೆಸರು ಬಿದ್ರ ಎಂಟಾಣೆ. ಅದು ಇವತ್ತಿಗೂ ನನಗ ಸಿಟ್ಟು. ನಾವು ಒಂದಿಷ್ಟು ಹುಡುಗರು ಪ್ರೇಯರ್ ಮುಗಿದ ಮ್ಯಾಲೆ ಕ್ಲಾಸಿಗೆ ಹೋಗ್ದ ಅಲ್ಲೇ ನಿಂತ್ವಿ, ಫಾದರ್ ಬಂದು ಬೈಲಿಲ್ಲ, ಒದರಬ್ಯಾಡ್ರಿ, ಬರಕೊಂಡ ಬರ್ರಿ, ಕೆಳಗ ಸಹಿ ಹಾಕ್ರಿ ಅಂದ್ರು. ಸಹಿ ಅಂದ ಕೂಡ್ಲೆ ಅರ್ಧಕ್ಕರ್ಧ ಮಂದಿ ಮಾಯ. ಉಳಿದವ್ರು ಬರದು ಕೊಟ್ವಿ, ಒಂದು ತಿಂಗಳು ಏನೂ ಆಗ್ಲಿಲ್ಲ, ಆಮ್ಯಾಲೆ ಗ್ರೌಂಡಿನ್ಯಾಗ ಏನರ ಮಾತಾಡ್ರಿ, ಕ್ಲಾಸಿನ್ಯಾಗ ಮಾತ್ರ ಇಂಗ್ಲಿಷ್ ಅಂತ ಆತು. ಪೂರ್ತಿ ಗೆದ್ವಿ ಅಂತ ಹೇಳೂದಿಲ್ಲ.

ಅದಕ್ಕ ಈಗ ಯಾವ ಪಾರ್ಟಿ ಬಂದು ಎಲ್ಲಾರೂ ಕಳ್ಳರು, ನಾವ ಬ್ಯಾರೆ ಅಂದ್ರೂ ನಾ ಮೊದ್ಲು ನೋಡೋದು ಅದರ ಒಳಗಿನ ಕಾನೂನು, ಲೀಡರ್‌ಗೆ ಎದುರು ಮಾತಾಡಿದಾಂವ ಒಳಗ ಉಳೀತಾನೋ ಇಲ್ಲೋ ಅಂತ. ಆಪ್ 2012ರಾಗ ಹುಟ್ಟಿತು, 2015ರಾಗ ದಿಲ್ಲಿಯ 70ರಾಗ 67 ಸೀಟ್, ಅದೇ ವರ್ಷ ಪಾರ್ಟಿ ಕಟ್ಟಿದವ್ರಾಗಿನವ್ರ ಆದ, ಲೀಡರ್‌ನ ಪ್ರಶ್ನೆ ಮಾಡಿದ ಯೋಗೇಂದ್ರ ಯಾದವ್, ಪ್ರಶಾಂತ್ ಭೂಷಣ್ ಇಬ್ರೂ ಹೊರಗ. ಸಂಚಾಲಕ ಮಾತ್ರ ಮೊದಲಿನಿಂದ ಕೇಜ್ರಿವಾಲರ. 2025ರಾಗ 22ಕ್ಕ ಬಂತು. ಸೋಲಿಗೆ ಕಾರಣ ಬರೇ ಇದ ಅಂತಲ್ಲ, ಆದ್ರ ನನ್ನ ಮನಸ್ಸು ಮುರಿದದ್ದು 2015ರಾಗನ.

ಇಟಲಿಯ ಫೈವ್ ಸ್ಟಾರ್ ಮೂವ್‌ಮೆಂಟ್ ಇನ್ನೂ ವಿಚಿತ್ರ. ಬೆಪ್ಪೆ ಗ್ರಿಲ್ಲೊ ಅನ್ನೋ ಕಾಮಿಡಿಯನ್ 2009ರಾಗ ಶುರು ಮಾಡಿದ್ದು, 2018ರಾಗ ನೂರಕ್ಕ 32 ವೋಟ್ ತಗೊಂಡು ದೇಶದ ದೊಡ್ಡ ಪಾರ್ಟಿ ಆತು, ಮೊದ್ಲು ಬಲಪಂಥದ ಲೇಗಾ ಜೋಡಿ ಸರ್ಕಾರ, ಮರುವರ್ಷನ ಯಾರನ್ನ ಬೈಕೋತ ಬೆಳೀತೋ ಆ ಡೆಮಾಕ್ರಟಿಕ್ ಪಾರ್ಟಿ ಜೋಡಿ ಸರ್ಕಾರ. ಎರಡು ಸಲಕ್ಕಿಂತ ಹೆಚ್ಚು ಯಾರೂ ಆರಿಸಿ ಬರಬಾರ್ದು ಅನ್ನೋ ತಮ್ಮ ರೂಲ್‌ನ 2024ರಾಗ ತಾವ ಸಡ್ಲ ಮಾಡಿದ್ರು, ಗ್ರಿಲ್ಲೊ ಕೂತಿದ್ದ ಹುದ್ದೇನೂ ತಗದ್ರು.

ಅಷ್ಟು ದೂರ ಯಾಕ, ನಮ್ಮ ಜಿಲ್ಲೆಯ ಬಾಬಾಗೌಡ ಪಾಟೀಲರು 1989ರಾಗ ಹಸಿರು ಶಾಲು ಹಾಕ್ಕೊಂಡು ರೈತ ಸಂಘದಿಂದ ಕಿತ್ತೂರಿನ ಎಂ.ಎಲ್.ಎ. ಆದ್ರು, 1998ರಾಗ ಬಿಜೆಪಿಯಿಂದ ಬೆಳಗಾವಿ ಎಂ.ಪಿ., ಕೇಂದ್ರದಾಗ ರಾಜ್ಯ ಮಂತ್ರಿ. ನಮ್ಮ ಕಡೆ ಮಂದಿ ಅದನ್ನ ದ್ರೋಹ ಅಂತಾರ, ನಾ ಅನ್ನೂದಿಲ್ಲ. ಸಂಘ ಒಡದು ಚೂರಾದ ಮ್ಯಾಲೆ ಒಬ್ಬ ಲೀಡರ್ ಎಲ್ಲಿಗೆ ಹೋಗ್ಬೇಕ್ರಿ?

ಒಬ್ಬ ಲೀಡರ್‌ನ ಮ್ಯಾಲೆ ನಿಂತ ಇಂಥ ಪಾರ್ಟಿಗಳಿಗೆ ಹೋಲಿಸಿದ್ರ ಫಾದರ್‌ಗಳ ಪದ್ಧತಿ ನನಗ ಈಗ ಹಿಡಸ್ತೈತಿ. ಐದಾರು ವರ್ಷಕ್ಕ ಟ್ರಾನ್ಸ್‌ಫರ್, ಒಂದು ಸೂಟ್‌ಕೇಸ್ ಹಿಡ್ಕೊಂಡು ಹೋಗಿಬಿಡ್ತಿದ್ರು, ಮರುದಿನ ಹೊಸಾ ಪ್ರಿನ್ಸಿಪಾಲ್, ಅದೇ ಗಂಟಿ. ಹಂಗಂತ ಅದು ಡೆಮಾಕ್ರಸಿ ಅಲ್ಲ ಬಿಡ್ರಿ, ಯಾರನ್ನ ಕಳಿಸ್ಬೇಕು ಅಂತ ನಮ್ಮನ್ನಾಗ್ಲಿ ನಮ್ಮಪ್ಪನ್ನಾಗ್ಲಿ ಯಾರೂ ಕೇಳ್ತಿರ್ಲಿಲ್ಲ.

ನನ್ನ ಬ್ಯಾಚಿನವ್ರಾಗ ಒಬ್ಬಾಂವ ಆಪ್ ಟೋಪಿ ಹಾಕ್ಕೊಂಡು ಮನಿ ಮನಿ ತಿರಗ್ಯಾನ, ಇನ್ನೊಬ್ಬಾಂವ ಅವರಪ್ಪ ಹಾಕಿದ ಚಿನ್ಹೆಗೇ ಇವತ್ತಿಗೂ ವೋಟ್ ಒತ್ತತಾನ. ಹಿಂಗಾಗಿ ವೋಟಿನ ಚಿಂತಿ ಮಾಡಿ ಸಾಲಿ ಆರಿಸಬ್ಯಾಡ್ರಿ. ಅಡ್ಮಿಷನ್‌ಗೆ ಹೋದಾಗ ಗಣಿತದ ಮಾಸ್ತರು ಯಾರು, ಕನ್ನಡ ಫಸ್ಟ್ ಲ್ಯಾಂಗ್ವೇಜ್ ತಗೊಳ್ಳಾಕ ಬರ್ತೈತೋ ಇಲ್ಲೋ, ದಂಡದ ನೋಟ್‌ಬುಕ್ ಇನ್ನೂ ಐತೇನು ಅಂತ ಕೇಳ್ರಿ. ಐತಿ ಅಂದ್ರ ಅಲ್ಲೇ ಒಂದು ಅರ್ಜಿ ಬರದು ಕೊಟ್ಟು ಬರ್ರಿ.